ಸೂಜಿಮೊನೆಯಷ್ಟು ಹರಳು

ಆ ಕಟ್ಟಡದ ಮೂರನೆಯ ಮಹಡಿಗೆ ಮೊದಲ ಸಲ ಬಂದವರು ಮೆಟ್ಟಿಲ ತುದಿಯಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹುಳ ಸಾಕುವ ಕೋಣೆ ಅಲ್ಲಿತ್ತು. ನೆನೆದ ಹಿಟ್ಟು, ಯೀಸ್ಟು, ಬಾಡಿದ ಎಲೆ, ಜೊತೆಗೆ ಸಾವಿರಾರು ಹುಳಗಳ ಹಿಕ್ಕೆ, ಎಲ್ಲ ಸೇರಿ ಬಿಸಿಗಾಳಿಯಲ್ಲಿ ಬೆಂದು ಬರುವ ವಾಸನೆ ಅದು. ಹುಳದಕ್ಕನಿಗೆ ಮಾತ್ರ ಅದು ತವರುಮನೆಯ ವಾಸನೆ. ಬೆಳಿಗ್ಗೆ ಬಂದವಳೇ ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ಟ್ರೇಗಳ ಮುಚ್ಚಳ ಎತ್ತಿ, "ಏನ್ರೋ, ಎಲ್ಲರದೂ ಊಟ ಆಯ್ತಾ?" ಎಂದು ಬೆರಳುದ್ದದ ಹಸಿರು ಹುಳಗಳನ್ನು ವಿಚಾರಿಸಿಕೊಂಡರೇನೇ ಅವಳಿಗೆ ದಿನ ಶುರುವಾದಂತೆ.

ಹುಳದಕ್ಕ ಎಂದು ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಆಮೇಲೆ ಮುಖದ ಮುಂದೆಯೇ ಕರೆಯತೊಡಗಿದರು. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ. ಕಟ್ಟಿಕೊಂಡ ಹೆಂಡತಿಯನ್ನು ಅಕ್ಕ ಅಂತೀಯಲ್ಲೋ ಎಂದು ಅವನ ಅಮ್ಮ ಬೈದ ಮೇಲೆ "ಹುಳದಮ್ಮ" ಎಂದು ತಿದ್ದಿಕೊಂಡ. ಅತ್ತೆಗೆ ಅದೂ ಹಿಡಿಸಲಿಲ್ಲ, ಆದರೆ ಅಷ್ಟು ಹೊತ್ತಿಗೆ ಅವರು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಕೂತ ಹುಳದ ಡಬ್ಬಿಯನ್ನೇ ಒಪ್ಪಿಕೊಂಡಾಗಿತ್ತು.

ಹುಳದಕ್ಕ ಮಾಡುತ್ತಿದ್ದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು, ಅವಳೇ ಹೇಳಲು ಕೂತರೆ ಮಾತ್ರ ಸಂಜೆಯಾಗುತ್ತಿತ್ತು. ಹುಳಕ್ಕೆ ಊಟ ಸಿಗದಿದ್ದರೆ ಅದು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಟ್ಟುಕೊಂಡು ಬದುಕುತ್ತದೆ. ಕರಗಿಸು ಎಂದು ಕೊಬ್ಬಿಗೆ ಹೇಳುವವರು ಯಾರು? ಹಸಿದ ಹುಳದ ರಕ್ತದಲ್ಲಿ ಏನೋ ಒಂದು ವಸ್ತು ಇದೆ, ಅದೇ ಹೇಳುತ್ತದೆ ಎಂಬುದು ಅವಳ ಶೋಧ. ಹಸಿದ ಹುಳದ ರಕ್ತ ತೆಗೆದು, ಹೊಟ್ಟೆ ತುಂಬಿದ ಹುಳಕ್ಕೆ ಸೂಜಿಯಲ್ಲಿ ಚುಚ್ಚಿದರೆ, ಆ ಹೊಟ್ಟೆ ತುಂಬಿದ್ದೂ ತಾನು ಉಪವಾಸ ಇದ್ದೇನೆ ಅಂದುಕೊಂಡು ಕೊಬ್ಬು ಕರಗಿಸತೊಡಗುತ್ತಿತ್ತು. ಉಂಡ ಹುಳದ ರಕ್ತ ಚುಚ್ಚಿದರೆ ಏನೂ ಆಗುತ್ತಿರಲಿಲ್ಲ. ಆ ವಸ್ತುವಿಗೆ ಅವಳು "ಹಸಿವಿನ ಅಂಶ" ಎಂದು ಹೆಸರಿಟ್ಟಳು. ಪಠ್ಯಪುಸ್ತಕವೊಂದರಲ್ಲಿ ಅದರ ಮೇಲೆ ಒಂದು ಪ್ಯಾರಾ ಇತ್ತು. ಆ ಪುಟದ ಮೂಲೆ ಅವಳ ಮನೆಯ ಪ್ರತಿಯಲ್ಲಿ ಮಡಚಿ ಮಡಚಿ ಹರಿದೇ ಹೋಗಿತ್ತು.

ಒಂದೇ ಕೊರತೆ. ಆ ಅಂಶವನ್ನು ರಕ್ತದಿಂದ ಬೇರ್ಪಡಿಸಿ, ಇಗೋ ಇದು ಎಂದು ಸೀಸೆಯಲ್ಲಿ ಹಿಡಿದು ತೋರಿಸಲು ಅವಳಿಗೆ ಇಪ್ಪತ್ತು ವರ್ಷದಿಂದ ಆಗಿರಲಿಲ್ಲ. ಒಂದೊಂದು ಹಂತ ಶುದ್ಧ ಮಾಡುತ್ತಾ ಹೋದಂತೆ ಬಲ ಕುಗ್ಗುತ್ತಿತ್ತು, ಕೊನೆಯ ಹಂತದಲ್ಲಿ ಮಂಗಮಾಯ. "ಬಲು ನಾಜೂಕಿನ ವಸ್ತು," ಎನ್ನುತ್ತಿದ್ದಳು ಅವಳು, ಹೊಸ ಸೊಸೆಯ ಬಗ್ಗೆ ಹೇಳುವ ಹಾಗೆ. ಹೊಸ ವಿಧಾನ ಹಿಡಿದು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

ಇದನ್ನೆಲ್ಲ ಕಲಿಸಿದವರು ಮೇಷ್ಟ್ರು. ಅವಳನ್ನು ಸಂಶೋಧನೆಗೆ ಸೇರಿಸಿಕೊಂಡು, ಹುಳ ಹಿಡಿಯುವುದರಿಂದ ಹಿಡಿದು ಸಭೆಯಲ್ಲಿ ಮಾತಾಡುವವರೆಗೆ ತಿದ್ದಿ ತೀಡಿದವರು. ಆಗ ಅವರು ಅದೇ ಮಹಡಿಯಲ್ಲಿದ್ದರು, ಮುಂದೆ ನಿರ್ದೇಶಕರಾಗಿ ಕೆಳಗಿನ ಮಹಡಿಗೆ ಇಳಿದರು, ತಮ್ಮದೇ ಚಿಕ್ಕ ಪ್ರಯೋಗಾಲಯವನ್ನೂ ಜೊತೆಗೆ ಒಯ್ದರು. ಅವಳನ್ನು "ಮಗಳೇ" ಎಂದೇ ಕರೆಯುತ್ತಿದ್ದರು. ತಂದೆ ಇಲ್ಲದ ಅವಳ ಮದುವೆಯಲ್ಲಿ ಬಂದವರನ್ನು ಬಾಗಿಲಲ್ಲಿ ನಿಂತು ಬರಮಾಡಿಕೊಂಡವರು ಅವರೇ. ಅವಳ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದವರು ಅವರ ಹೆಂಡತಿ. ಇನ್ನೇನು ಬೇಕು? ಮೇಷ್ಟ್ರು ಹೇಳಿದ್ದು ಅವಳಿಗೆ ಕಲ್ಲಿನಲ್ಲಿ ಕೊರೆದಂತೆ.

ಹಾಗೆ ಕೊರೆದ ಮಾತುಗಳಲ್ಲಿ ಒಂದು ಹರಳಿನದು. ಹುಳದ ರಕ್ತ ಗಾಳಿಗೆ ಬಿದ್ದರೆ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ ಕೆಟ್ಟುಹೋಗುತ್ತದೆ. ಕಪ್ಪಾಗದಿರಲಿ ಎಂದು ಕೊಳವೆಗೆ ಒಂದು ರಾಸಾಯನಿಕದ ಹರಳನ್ನು ಮೊದಲೇ ಹಾಕಿಡುತ್ತಾರೆ. "ಎಷ್ಟು ಹಾಕಬೇಕು ಸರ್?" ಎಂದು ಅವಳು ಮೊದಲ ದಿನ ಕೇಳಿದ್ದಳು. "ಸೂಜಿಮೊನೆಯಷ್ಟು. ಕೊಳವೆಗೊಂದು. ಅಡುಗೆಗೆ ಉಪ್ಪು ತೂಕ ಮಾಡಿ ಹಾಕ್ತಾರೇನಮ್ಮ?" ಎಂದು ಅವರು ನಕ್ಕಿದ್ದರು. ಅಂದಿನಿಂದ ಸೂಜಿಮೊನೆಯಷ್ಟು, ಕೊಳವೆಗೊಂದು.

ಈಗ ಅವಳ ಹತ್ತಿರ ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ. ಬಾಯಿಬಿಟ್ಟರೆ ಪ್ರಶ್ನೆ, ಹಾಗಾಗಿ ಮಹಡಿಯವರೆಲ್ಲ ಅವಳಿಗೆ "ಪ್ರಶ್ನೆಪತ್ರಿಕೆ" ಎಂದು ಹೆಸರಿಟ್ಟಿದ್ದರು. ಹಸಿವಿನ ಅಂಶದ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದಳು, ಇನ್ನೇನು ಬರೆದು ಕೊಡಬೇಕು, ಆದರೆ ಅವಳ ಕೈಯಲ್ಲಿ ಅಂಶ ಸಿಗುತ್ತಲೇ ಇರಲಿಲ್ಲ. ಅವಳೋ ಅಚ್ಚುಕಟ್ಟಿನ ಹುಡುಗಿ. ಹರಳನ್ನು ತೂಗಿ, ನೀರಿನಲ್ಲಿ ಕರಗಿಸಿ, ರಕ್ತ ಎಷ್ಟಿದೆ ನೋಡಿಕೊಂಡು ಅದಕ್ಕೆ ತಕ್ಕಷ್ಟೇ ಹಾಕುತ್ತಿದ್ದಳು. ಹಸಿದ ಹುಳದ ರಕ್ತ ಚುಚ್ಚಿದರೂ ಅಷ್ಟೇ, ಉಂಡ ಹುಳದ್ದು ಚುಚ್ಚಿದರೂ ಅಷ್ಟೇ.

"ಮೇಡಂ, ನಿಮ್ಮ ತರ ಮಾಡಿದ್ರೆ ಬರುತ್ತೆ, ನನ್ನ ತರ ಮಾಡಿದ್ರೆ ಬರಲ್ಲ. ಯಾಕೆ?"

"ಯಾಕೆ ಅಂದ್ರೆ ನಿನ್ನ ಕೈ ಸರಿಯಿಲ್ಲ. ತೂಕ, ಅಳತೆ, ಕರಗಿಸೋದು ಅಂತ ಹೊತ್ತು ಕಳೀತೀಯ. ಅಷ್ಟರಲ್ಲಿ ಅಂಶ ಕೆಡುತ್ತೆ. ನನ್ನ ತರಾನೇ ಮಾಡು."

ಹುಡುಗಿ ಕೊಳವೆಗಳನ್ನು ಎತ್ತಿಕೊಂಡು ಹೋದಳು. ಬಾಗಿಲ ಆಚೆ ಮೂಗು ಸೊರಗುಟ್ಟಿದ ಸದ್ದು ಹುಳದಕ್ಕನಿಗೆ ಕೇಳಿಸಿತು. ಕೇಳಿಸದ ಹಾಗೆ ಟ್ರೇ ತೊಳೆದಳು. ಹಿಂದೆಯೂ ಒಬ್ಬನಿಗೆ ಹೀಗೇ ಹೇಳಿದ್ದಳು. ಅವಳ ಮೊಟ್ಟಮೊದಲ ವಿದ್ಯಾರ್ಥಿ, ಉದ್ದ ಕಾಲಿನ ಬಡಕಲು ಹುಡುಗ, ಎಲ್ಲರ ಬಾಯಲ್ಲೂ ಕೊಕ್ಕರೆ. ಅವನ ಕೈಯಲ್ಲೂ ಅಂಶ ಬರುತ್ತಿರಲಿಲ್ಲ. "ಅವನ ಕೈ ಒರಟಮ್ಮ, ಕಳಿಸಿಬಿಡು," ಎಂದಿದ್ದರು ಮೇಷ್ಟ್ರು. ತಾವೇ ಮುಂದೆ ನಿಂತು ಅವನಿಗೆ ದೂರದ ಊರಿನ ಔಷಧಿ ಕಂಪನಿಯಲ್ಲಿ ಒಳ್ಳೆಯ ಕೆಲಸ ಕೊಡಿಸಿದ್ದರು. ಎಂಥ ದೊಡ್ಡ ಮನಸ್ಸು ಎಂದು ಅವಳು ಆಗ ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು.

ಆ ತಿಂಗಳ ಕೊನೆಗೆ ಮೇಷ್ಟ್ರು ನಿವೃತ್ತರಾಗುವವರಿದ್ದರು. ದೊಡ್ಡ ಸಮಾರಂಭ. ಹುಳ ಸಾಕುವ ಕೋಣೆಗೆ ಅವರ ಹೆಸರು, ಬಾಗಿಲಿಗೆ ಹಿತ್ತಾಳೆ ಫಲಕ. ಮುಖ್ಯ ಭಾಷಣ ಹುಳದಕ್ಕನದು. ಬೇರೆ ಯಾರು ಮಾಡಬೇಕು? ಸಮಾರಂಭದಲ್ಲಿ ತೋರಿಸಲು ಮೇಷ್ಟ್ರು ಪ್ರಯೋಗ ಮಾಡುತ್ತಿರುವ ಒಂದು ಪುಟ್ಟ ವಿಡಿಯೊ ಬೇಕೆಂದು ಯಾರೋ ಅಂದರು. ಹುಳದಕ್ಕ ಟ್ರೇಯಲ್ಲಿ ನಾಲ್ಕು ದಪ್ಪ ಹುಳ ಇಟ್ಟುಕೊಂಡು ಕೆಳಗಿನ ಮಹಡಿಗೆ ಹೋದಳು. ನಿರ್ದೇಶಕರಾದ ಮೇಲೆ ಮೇಷ್ಟ್ರು ಪ್ರಯೋಗ ಮಾಡುವುದನ್ನು ಅವಳು ನೋಡಿಯೇ ಇರಲಿಲ್ಲ. ಅವರ ಪ್ರಯೋಗಾಲಯ ಅಂದರೆ ಮಾತಿಗೆ ಕೂರುವ ಎರಡು ಕುರ್ಚಿ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು.

ಕ್ಯಾಮರಾದವನು ದೀಪ ಸರಿಮಾಡುತ್ತಿದ್ದ. ಮೇಷ್ಟ್ರು ಹುಳವನ್ನು ಎಡಗೈಯಲ್ಲಿ ಹಿಡಿದು, ಕಾಲಿನ ತುದಿ ಕತ್ತರಿಸಿ, ಹಸಿರು ರಕ್ತದ ಹನಿಗಳನ್ನು ಕೊಳವೆಗೆ ಇಳಿಸಿದರು. ಅರವತ್ತೈದರ ಹತ್ತಿರದ ಕೈ, ಒಂದು ಹನಿಯೂ ಹೊರಗೆ ಬೀಳಲಿಲ್ಲ. ಹುಳದಕ್ಕನಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ಅವರು ಕ್ಯಾಮರಾದವನ ಜೊತೆ ಮಾತಾಡುತ್ತಲೇ, ನೋಡದೆ, ಬಲಗೈ ಚಾಚಿ ಕೊಳವೆಯನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನೋಡದೆಯೇ, ಎತ್ತಿ ಮಂಜುಗಡ್ಡೆಯಲ್ಲಿ ಇಟ್ಟರು.

"ಸರ್, ಹರಳು?" ಎಂದಳು ಅವಳು.

ಮೇಷ್ಟ್ರ ಕೈ ಅಲ್ಲೇ ನಿಂತಿತು. "ವಿಡಿಯೊಗೆ ಯಾಕಮ್ಮ ಹರಳು? ಬಿಸಿನೀರಲ್ಲಿಟ್ಟರೂ ಕಪ್ಪಾಗಲ್ಲ."

ಅದು ನಿಜ. ಹದವಾದ ಬಿಸಿ ಕೊಟ್ಟರೂ ರಕ್ತ ಕಪ್ಪಾಗುವುದಿಲ್ಲ, ಹಾಗೆ ಮಾಡುವವರೂ ಇದ್ದಾರೆ. ಅವಳು ನಕ್ಕು ಟ್ರೇ ಎತ್ತಿಕೊಂಡಳು. ಆದರೆ ಮೆಟ್ಟಿಲು ಹತ್ತುವಾಗ ಏನೋ ಕಾಲಿಗೆ ತೊಡರಿದಂತಾಯಿತು. ಮಾತಾಡುತ್ತಾ, ನೋಡದೆ, ಕತ್ತಲಲ್ಲಿ ದೀಪದ ಗುಂಡಿ ಹುಡುಕುವ ಹಾಗೆ ತೊಟ್ಟಿಗೆ ಹೋದ ಆ ಕೈ ವಿಡಿಯೊಗಾಗಿ ಮಾಡಿದ ಕೈಯಲ್ಲ. ಅದು ವರ್ಷಗಟ್ಟಲೆ ಹಾಗೇ ಮಾಡಿ ರೂಢಿಯಾದ ಕೈ. ಮತ್ತೆ ಅವರ ಕಪಾಟಿನಲ್ಲಿ ಹರಳಿನ ಕಂದು ಸೀಸೆಯೇ ಇರಲಿಲ್ಲ. ಕೊಳವೆಗೊಂದು ಹರಳು ಎಂದು ಕಲಿಸಿದವರು ತಾವೇ ಯಾಕೆ ಅದನ್ನು ಬಿಟ್ಟರು? ಬಿಟ್ಟವರು ತನಗೆ ಯಾಕೆ ಹೇಳಲಿಲ್ಲ?

ಮಾರನೆಯ ದಿನ ಅವಳು ಹುಡುಗಿಗೆ ಏನೂ ಹೇಳದೆ ಒಂದು ಪ್ರಯೋಗ ಮಾಡಿದಳು. ಮಾಡಲು ನಾಚಿಕೆಯಾಗುವಷ್ಟು ಸಣ್ಣ ಪ್ರಯೋಗ. ರಕ್ತವೇ ಇಲ್ಲ, ಬರೀ ಉಪ್ಪುನೀರು, ಅದಕ್ಕೆ ಸೂಜಿಮೊನೆಯಷ್ಟು ಹರಳು. ಅದನ್ನು ಹೊಟ್ಟೆ ತುಂಬಿದ ಹುಳಗಳಿಗೆ ಚುಚ್ಚಿದಳು. ಇನ್ನೊಂದು ಟ್ರೇಯ ಹುಳಗಳಿಗೆ ಹಸಿದ ಹುಳದ ರಕ್ತವನ್ನೇ ಹರಳಿಲ್ಲದೆ, ಬರೀ ಬಿಸಿ ಮಾಡಿ, ಚುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಟ್ರೇಗಳ ಹುಳಗಳ ರಕ್ತದಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡಿದಳು. ಹಸಿದ ರಕ್ತ ಏನೂ ಮಾಡಿರಲಿಲ್ಲ. ಉಪ್ಪುನೀರಿನ ಹರಳು ಕೊಬ್ಬನ್ನು ಕರಗಿಸಿ ಕೆಡವಿತ್ತು.

ಅವಳು ಸ್ಟೂಲಿನ ಮೇಲೆ ಕೂತಳು. ಕಾಲ ಕೆಳಗಿನ ನೆಲ ಕುಸಿಯುವುದು ಅಂತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು, ಹುಳಗಳು ಎಲೆ ಕಚ್ಚುವ ಸದ್ದು ಕೇಳುತ್ತಲೇ ಇತ್ತು. ಎಲ್ಲ ಎಷ್ಟು ಸಲೀಸಾಗಿ ಅರ್ಥವಾಯಿತೆಂದರೆ ಅದೇ ಅವಳಿಗೆ ಅವಮಾನವಾಯಿತು. ಉಂಡ ಹುಳದಲ್ಲಿ ರಕ್ತ ಧಾರಾಳ. ಹಸಿದ ಹುಳದಲ್ಲಿ ಹಿಂಡಿ ತೆಗೆದರೂ ಒಂದೆರಡು ಹನಿ. ಆದರೆ ಹರಳು ಮಾತ್ರ ಎರಡಕ್ಕೂ ಕೊಳವೆಗೊಂದು. ಒಂದು ಚಿಟಿಕೆ ಉಪ್ಪನ್ನು ಪಾತ್ರೆಗೆ ಹಾಕಿದರೆ ಒಂದು ರುಚಿ, ಚಮಚಕ್ಕೆ ಹಾಕಿದರೆ ಇನ್ನೊಂದು. ಕಡಿಮೆ ರಕ್ತದಲ್ಲಿ ಹರಳು ಗಾಢವಾಗಿ ಕೂತು ಹುಳದ ಕೊಬ್ಬನ್ನು ಕರಗಿಸುತ್ತಿತ್ತು. ಶುದ್ಧ ಮಾಡಿದಷ್ಟೂ ಹರಳು ತೊಳೆದುಹೋಗುತ್ತಿತ್ತು, ಅಂಶ ಮಂಗಮಾಯವಾಗುತ್ತಿತ್ತು. ನಾಜೂಕೂ ಇಲ್ಲ, ಏನೂ ಇಲ್ಲ. ಹಸಿವಿನ ಅಂಶ ಎಂಬುದು ಈ ಭೂಮಿಯ ಮೇಲೆ ಇರಲೇ ಇಲ್ಲ. ಪಠ್ಯಪುಸ್ತಕದ ಪ್ಯಾರಾ, ಅವಳ ಪ್ರಬಂಧಗಳು, ಹುಡುಗಿಯ ಪಿಎಚ್‌.ಡಿ., ಎಲ್ಲ ಒಂದು ಚಿಟಿಕೆ ಹರಳಿನ ಮೇಲೆ ಕಟ್ಟಿದ ಮನೆ.

ಮನೆಗೆ ಬಂದಾಗ ಗಂಡ ಊಟದ ಮೇಜಿನ ಮೇಲೆ ಯಾರದೋ ಕನ್ನಡಕದ ಸ್ಕ್ರೂ ಬಿಗಿಯುತ್ತಿದ್ದ. ಅವಳು ಎಲ್ಲ ಹೇಳಿದಳು. ಅವನು ಕೊನೆಯವರೆಗೂ ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿದ.

"ತಪ್ಪು ಯಾರಿಗೆ ಆಗಲ್ಲ ಹೇಳು? ನಾನು ಒಬ್ಬರಿಗೆ ಎಡಗಣ್ಣಿನ ಗಾಜನ್ನ ಬಲಗಣ್ಣಿಗೆ ಹಾಕಿ ಕೊಟ್ಟಿದ್ದೆ. ಆರು ತಿಂಗಳು ಅದರಲ್ಲೇ ಪೇಪರ್ ಓದಿದಾರೆ, ಪುಣ್ಯಾತ್ಮರು."

"ತಪ್ಪಾಗಿದ್ದಕ್ಕೆ ಅಲ್ಲ ಕಣ್ರೀ," ಎಂದಳು ಅವಳು. "ಅವರಿಗೆ ಗೊತ್ತಿತ್ತು ಅನ್ಸುತ್ತೆ."

"ಯಾರಿಗೆ, ಮೇಷ್ಟ್ರಿಗಾ? ಛೆ, ಬಿಡು. ನಿನ್ನನ್ನ ಮಗಳು ಅಂತಾರೆ."

ಅವಳಿಗೂ ಬಿಡಬೇಕು ಅನ್ನಿಸಿತು. ಎಲ್ಲಿಂದಲೋ ನಂಬರ್ ಹುಡುಕಿ ಕೊಕ್ಕರೆಗೆ ಫೋನ್ ಮಾಡಿದಳು. ಅಷ್ಟು ವರ್ಷಗಳ ಮೇಲೂ ಅವನು ಅವಳ ದನಿ ಗುರುತು ಹಿಡಿದ. ಅವಳು ಹರಳಿನ ವಿಷಯ ಎತ್ತಿ, ತಾನು ಮಾಡಿ ನೋಡಿದ್ದನ್ನು ಹೇಳಿದಳು.

"ಅಕ್ಕಾ, ನಾನು ಅದನ್ನ ಆಗಲೇ ಸರ್‌ಗೆ ತೋರಿಸಿದ್ದೆನಲ್ಲ. ಬರೀ ಹರಳು ಚುಚ್ಚಿದ್ರೂ ಬರುತ್ತೆ ಅಂತ. ಅವರೂ ಮಾಡಿ ನೋಡಿದ್ರು, ನನ್ನ ಎದುರಿಗೇ. 'ನೀನು ಏನೂ ಹೇಳೋಕೆ ಹೋಗಬೇಡ, ಅವಳಿಗೆ ನಾನೇ ಹೇಳ್ತೀನಿ' ಅಂದ್ರು. ಹೇಳಲಿಲ್ವಾ?"

"ಇಲ್ಲಪ್ಪ."

"ನೀವು ಗೊತ್ತಿದ್ದೂ ನನ್ನ ಕೈ ಒರಟು ಅಂದ್ರಿ ಅಂದ್ಕೊಂಡು ಇಷ್ಟು ವರ್ಷ ನಿಮ್ಮನ್ನ ಬೈಕೊಂಡಿದೀನಿ ಅಕ್ಕಾ," ಎಂದ ಅವನು ಮೆಲ್ಲಗೆ.

ಫೋನ್ ಇಟ್ಟ ಮೇಲೆ ಅವಳಿಗೆ ಇನ್ನೊಂದು ನೆನಪಾಯಿತು, ಅದು ಎಲ್ಲಕ್ಕಿಂತ ಕೆಟ್ಟದ್ದು. ಹಸಿವಿನ ಅಂಶದ ಮೊದಲ ಪ್ರಬಂಧದಲ್ಲಿ ಇಬ್ಬರ ಹೆಸರೂ ಇತ್ತು, ಮೊದಲು ಅವರದು, ಆಮೇಲೆ ಅವಳದು. ಕೊಕ್ಕರೆ ಹೋದ ಬೆನ್ನಿಗೇ ಎರಡನೆಯದನ್ನು ಬರೆದು ಒಯ್ದಾಗ ಮೇಷ್ಟ್ರು ತಮ್ಮ ಹೆಸರನ್ನು ಹೊಡೆದುಹಾಕಿದ್ದರು. "ಇನ್ನು ನಿನ್ನ ಕಾಲ ಮೇಲೆ ನೀನು ನಿಲ್ಲಬೇಕು ಮಗಳೇ. ನನ್ನ ನೆರಳು ಬೇಡ." ಅವಳು ಅಂದು ಅವರ ಕೈ ಹಿಡಿದುಕೊಂಡು ಅತ್ತಿದ್ದಳು. ಶಿಷ್ಯರ ಕೆಲಸಕ್ಕೆ ತಮ್ಮ ಹೆಸರು ಅಂಟಿಸಿಕೊಳ್ಳುವ ಗುರುಗಳ ನಡುವೆ ಇಂಥವರೂ ಇದ್ದಾರೆ ಎಂದು ಊರೆಲ್ಲ ಸಾರಿದ್ದಳು. ಆ ಕತೆಯಿಂದಲೇ ಭಾಷಣ ಶುರು ಮಾಡಬೇಕೆಂದಿದ್ದಳು. ಮುಳುಗುವ ದೋಣಿಯಿಂದ ಮೆಲ್ಲಗೆ ಇಳಿದು, ದಡದಲ್ಲಿ ನಿಂತು ಕೈಬೀಸಿದವರನ್ನು ಇಷ್ಟು ವರ್ಷ ದೇವರ ಪಕ್ಕದಲ್ಲಿ ಕೂರಿಸಿದ್ದಳು.

ಮರುದಿನ ಸಂಜೆ ಅವಳು ಹೋದಾಗ ಮೇಷ್ಟ್ರ ಮನೆಯಲ್ಲಿ ಎಲ್ಲೆಡೆ ಪುಸ್ತಕದ ಪೆಟ್ಟಿಗೆಗಳು. ಅವರ ಹೆಂಡತಿ ಬಾಗಿಲು ತೆಗೆದವರೇ, "ಏನೇ, ಇಷ್ಟು ಸೊರಗಿದೀಯ? ಆ ಹುಳಗಳಿಗೆ ಹಾಕಿದ್ದರಲ್ಲಿ ಒಂದು ತುತ್ತು ನೀನೂ ತಿನ್ನೇ," ಎಂದು ಗದರಿ ಟೀ ಇಡಲು ಒಳಗೆ ಹೋದರು. ಹುಳದಕ್ಕ ಪೆಟ್ಟಿಗೆಯೊಂದರ ಮೇಲೆಯೇ ಕೂತಳು.

"ಸರ್, ನೀವು ಹರಳು ಹಾಕೋದು ಯಾವಾಗ ಬಿಟ್ಟಿರಿ?"

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕದ ಧೂಳು ಒರೆಸಿದರು. ಅವರಿಗೆ ಅರ್ಥವಾಗಿತ್ತು. ಬಹುಶಃ ವಿಡಿಯೊದ ದಿನವೇ ಅರ್ಥವಾಗಿತ್ತು.

"ಅದೆಲ್ಲ ಈಗ್ಯಾಕಮ್ಮ."

"ಕೊಕ್ಕರೆ ನಿಮಗೆ ತೋರಿಸಿದ್ದನಂತೆ."

"ತೋರಿಸಿದ. ನಾನೂ ಮಾಡಿ ನೋಡಿದೆ. ಅವನು ಹೇಳಿದ್ದು ಸರಿಯಿತ್ತು." ಅವರು ಪುಸ್ತಕ ಕೆಳಗಿಟ್ಟರು. "ನಿನಗೆ ಆಗತಾನೇ ಸ್ವಂತ ಲ್ಯಾಬ್ ಸಿಕ್ಕಿತ್ತು. ಮಗು ಹುಟ್ಟಿತ್ತು. ಎಷ್ಟು ಖುಷಿಯಾಗಿದ್ದೆ ನೀನು. ಹೇಳೋಕೆ ಬಾಯಿ ಬರಲಿಲ್ಲ ಮಗಳೇ."

"ಹೇಳೋಕೆ ಬಾಯಿ ಬರಲಿಲ್ಲ. ಹೆಸರು ತೆಗೆಯೋಕೆ ಕೈ ಬಂತು."

ಅವರು ಇನ್ನೊಂದು ಪುಸ್ತಕ ಎತ್ತಿಕೊಂಡರು.

"ನೀವು ನಿರ್ದೇಶಕರಾದದ್ದೂ ಅದೇ ವರ್ಷ ಅಲ್ವಾ ಸರ್? ಆ ಮೊದಲ ಪ್ರಬಂಧ ತಪ್ಪು ಅಂದಿದ್ರೆ ಆಗ್ತಿದ್ರಾ?"

"ಮಾತು ಬೆಳೆಸಬೇಡ." ಮೇಷ್ಟ್ರ ದನಿ ಪಾಠ ಹೇಳುವ ದನಿಯಾಯಿತು. "ನಾನು ನಿನ್ನನ್ನ ಕಟ್ಟಿಹಾಕಿದ್ದೆನಾ? ಬರೀ ಹರಳು ಚುಚ್ಚಿ ನೋಡೋಕೆ ಒಂದು ದಿನ ಸಾಕಿತ್ತು. ಇಪ್ಪತ್ತು ವರ್ಷದಲ್ಲಿ ನೀನೇ ಯಾಕೆ ನೋಡಲಿಲ್ಲ?"

"ನಿಮ್ಮನ್ನ ನಂಬಿದ್ದೆ ಸರ್. ನಂಬಿದ್ದನ್ನ ಪರೀಕ್ಷೆ ಮಾಡಬೇಕು ಅನ್ನಿಸಲಿಲ್ಲ."

"ಇದು ವಿಜ್ಞಾನಿ ಆಡೋ ಮಾತಲ್ಲ," ಎಂದರು ಅವರು.

ಆ ಮಾತು ನಿಜವಾಗಿತ್ತು, ಅದಕ್ಕೇ ಅಷ್ಟು ನೋಯಿಸಿತು. ನಂಬಿಸಿ ಕತ್ತು ಕೊಯ್ದವರು, ಕತ್ತು ಚಾಚಿದ್ದು ನಿನ್ನದೇ ತಪ್ಪು ಎಂದು ಅಂಕ ಕಳೆಯುತ್ತಿದ್ದರು. ಒಳಗಿನಿಂದ ಟೀ ಬಂತು. ಮೇಷ್ಟ್ರ ಹೆಂಡತಿ ಕಪ್ಪು ಕೊಟ್ಟು ಅವಳ ತಲೆ ಸವರಿ ಮತ್ತೆ ಅಡುಗೆಮನೆಗೆ ಹೋದರು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ಅವಳು ಉಸಿರು ಬಿಗಿಹಿಡಿದು ಕೂತಿದ್ದಳು.

"ಸಮಾರಂಭದಲ್ಲಿ ಇದನ್ನೆಲ್ಲ ಎತ್ತಬೇಡ," ಎಂದರು ಮೇಷ್ಟ್ರು, ಈಗ ತೀರಾ ಮೆತ್ತಗೆ. "ನನಗೋಸ್ಕರ ಹೇಳ್ತಿಲ್ಲ. ನನ್ನ ಹೆಸರು ಇರೋದು ಒಂದೇ ಒಂದು ಪ್ರಬಂಧದಲ್ಲಿ, ಅದನ್ನ ಯಾರೂ ಕೇಳಲ್ಲ. ಹೋಗೋದೆಲ್ಲ ನಿನ್ನದು. ಆ ಹುಡುಗಿಯದೂ ಹೋಗುತ್ತೆ. ಯೋಚನೆ ಮಾಡು ಮಗಳೇ."

ಅವಳು ಟೀ ಕುಡಿಯದೆ ಎದ್ದಳು. ಯೋಚನೆ ಮಾಡಿದಳು ಕೂಡ. ಬಾಯಿಗೆ ಬೀಗ ಹಾಕಿಕೊಂಡರೆ ಎಲ್ಲವೂ ಉಳಿಯುತ್ತಿತ್ತು. ಹುಡುಗಿಗೆ ಪದವಿ, ತನಗೆ ಪ್ಯಾರಾ, ಮೇಷ್ಟ್ರಿಗೆ ಫಲಕ. ಆದರೆ ಹಾಗೆ ಮಾಡಿದರೆ ಹುಡುಗಿಯ ಪಾಲಿಗೆ ತಾನೇ ಮೇಷ್ಟ್ರು. ಆ ಲೆಕ್ಕ ಮಾತ್ರ ಎಷ್ಟು ಸಲ ಹಾಕಿದರೂ ಬೇರೆ ಥರ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹುಡುಗಿಯನ್ನು ಕರೆದು ಕೂರಿಸಿ, ಎರಡೂ ಟ್ರೇ ತೋರಿಸಿ ಎಲ್ಲ ಹೇಳಿದಳು. ಹುಡುಗಿ ಒಂದೂ ಪ್ರಶ್ನೆ ಕೇಳಲಿಲ್ಲ. ಇಷ್ಟೇ ಅಂದಳು:

"ಒಂದು ವರ್ಷದಿಂದ ನನ್ನ ಕೈ ಸರಿಯಿಲ್ಲ ಅಂತಿದ್ರಿ ಮೇಡಂ. ನಾನು ಮನೇಲಿ ಅಮ್ಮನ ಹತ್ರ ಕೈ ತೋರಿಸಿ ಅತ್ತಿದೀನಿ."

"ನಿನ್ನ ಕೈ ಸರಿಯಿತ್ತು. ಇಡೀ ಮಹಡೀಲಿ ನಿನ್ನೊಬ್ಬಳದೇ ಸರಿಯಿತ್ತು," ಎಂದಳು ಹುಳದಕ್ಕ. "ನಿನ್ನ ಕೈಯಲ್ಲಿ ಬರದೇ ಇದ್ದದ್ದನ್ನೇ ಬರೆಯೋಣ. ಅದೇ ನಿನ್ನ ಪಿಎಚ್‌.ಡಿ. ನನ್ನ ಕೆಲಸ ತಪ್ಪು ಅಂತ ತೋರಿಸಿದವಳು ನೀನು ಅಂತಾನೇ ಆಗಲಿ."

ಹುಡುಗಿ ಕಣ್ಣೊರೆಸಿಕೊಂಡಳು. ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಹೋಗಿ ಹುಳಗಳಿಗೆ ಎಲೆ ಹಾಕಿದಳು, ಅಷ್ಟೇ.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ. ಎರಡನೆಯ ಸಾಲಿನಲ್ಲಿ ಕಚೇರಿಯವರು, ನೆಂಟರಿಷ್ಟರು. ಮೂರು ನಾಲ್ಕನೆಯ ಸಾಲಿನಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಹುಳದ ವಿಜ್ಞಾನಿಗಳು. ಹಿಂದೆ ಬಾಗಿಲ ಹತ್ತಿರ ಹುಳದಕ್ಕನ ಗಂಡ, ಅಂಗಡಿಗೆ ಬೀಗ ಹಾಕಿ ಬಂದಿದ್ದ. ಪರದೆಯ ಮೇಲೆ ವಿಡಿಯೊ ಓಡಿತು. ಹಸಿರು ಹನಿಗಳು ಕೊಳವೆಗೆ ಇಳಿದವು, ಕೈ ಬಿಸಿನೀರಿನ ತೊಟ್ಟಿಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಳದಕ್ಕ ಮೈಕಿನ ಮುಂದೆ ನಿಂತಳು. ಹಸಿವಿನ ಅಂಶ ಎಂಬುದು ಇಲ್ಲ ಎಂದಳು. ಯಾಕೆ ಇಲ್ಲ, ಕೊಳವೆಗೊಂದು ಹರಳು ಹೇಗೆ ಮೋಸ ಮಾಡಿತು, ತನ್ನ ವಿದ್ಯಾರ್ಥಿನಿ ಹೇಗೆ ಸರಿಯಾಗಿ ಅಳೆದಳು, ತಾನು ಅವಳನ್ನೇ ಹೇಗೆ ಬೈದಳು, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದಳು. ತನ್ನ ಎಲ್ಲ ಪ್ರಬಂಧಗಳನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರಿಗೆ ಗೊತ್ತಿತ್ತು ಎಂಬ ಒಂದು ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಅದು ಅವರು ಹೇಳಬೇಕಾದ ಮಾತು. ಇಷ್ಟು ವರ್ಷದ ಪ್ರೀತಿಗೆ ಅವರಿಗೆ ಅದೊಂದು ಅವಕಾಶ ಬಿಟ್ಟಿದ್ದಳು. ಮಾತು ನಿಲ್ಲಿಸಿ ಅವರನ್ನೇ ನೋಡಿದಳು. ಈಗ ಎದ್ದು ಹೇಳುತ್ತಾರೆ ಎಂದು ನಿಜವಾಗಿಯೂ ನಂಬಿದಳು, ಕೊನೆಯ ಸಲ.

ಮೇಷ್ಟ್ರು ಎದ್ದರು. ವೇದಿಕೆ ಹತ್ತಿ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಮೈಕು ತೆಗೆದುಕೊಂಡು ಸಭೆಯ ಕಡೆ ತಿರುಗಿದರು.

"ನನಗೆ ಬೇಕಾದಷ್ಟು ಪ್ರಶಸ್ತಿ ಬಂದಿವೆ. ಆದ್ರೆ ಇವತ್ತು ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡದು. ಇಡೀ ಜೀವಮಾನದ ಕೆಲಸವನ್ನ ಸತ್ಯಕ್ಕೋಸ್ಕರ ಬಿಟ್ಟುಕೊಡೋ ಧೈರ್ಯ ಎಷ್ಟು ಜನಕ್ಕಿರುತ್ತೆ? ಇದನ್ನ ಕೇಳಿ ನನಗೂ ಸಿಡಿಲು ಬಡಿದ ಹಾಗಾಯ್ತು. ಆದ್ರೂ ಹೆಮ್ಮೆಯಿಂದ ಹೇಳ್ತೀನಿ, ಇವಳು ನಾನು ಬೆಳೆಸಿದ ಮಗಳು!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟ್ರು ಅವಳ ಹೆಗಲು ಬಳಸಿ ತಬ್ಬಿಕೊಂಡು ಕಿವಿಯ ಹತ್ತಿರ, "ಜಾಣೆ. ಚೆನ್ನಾಗಿ ಮಾತಾಡಿದೆ," ಎಂದರು. ಅವರ ಅಂಗಿಯ ಸೋಪಿನ ವಾಸನೆ ಅವಳಿಗೆ ಗೊತ್ತಿದ್ದದ್ದೇ, ಮದುವೆಯ ದಿನವೂ ಅದೇ ವಾಸನೆ. ಕಳೆದದ್ದೆಲ್ಲ ಅವಳದು, ಗೆದ್ದದ್ದೆಲ್ಲ ಅವರದು. ಅವಳ ಸೋಲನ್ನೂ ಅವರು ತಮ್ಮ ಹೆಸರಿಗೆ ಬರೆದುಕೊಂಡಿದ್ದರು. ಅವಳಿಗೆ ಸಿಟ್ಟು ಬಂತು.

ಅವಳು ಅವರ ತೋಳಿನಿಂದ ಬಿಡಿಸಿಕೊಂಡು ಮೈಕಿಗೆ ಕೈಯೊಡ್ಡಿದಳು. ಧನ್ಯವಾದ ಹೇಳುತ್ತಾಳೆಂದು ಮೇಷ್ಟ್ರು ನಗುತ್ತಾ ಕೊಟ್ಟರು.

"ಯಾರು ಮಾತಾಡಿದ್ರೂ ಆಮೇಲೆ ಒಂದು ಪ್ರಶ್ನೆ ಕೇಳಬೇಕು ಅಂತ ನಮ್ಮ ಸರ್ರೇ ಕಲಿಸಿದ್ದು," ಎಂದಳು. ಸಭೆ ನಕ್ಕಿತು. "ಹಾಗಾಗಿ ನನ್ನದೊಂದು ಸಣ್ಣ ಪ್ರಶ್ನೆ. ಈಗತಾನೇ ವಿಡಿಯೊದಲ್ಲಿ ನೋಡಿದಿರಿ, ಸರ್ ರಕ್ತಕ್ಕೆ ಹರಳು ಹಾಕಲಿಲ್ಲ, ಬಿಸಿನೀರಲ್ಲಿಟ್ಟರು. ನನಗೆ ಹರಳು ಹಾಕೋಕೆ ಕಲಿಸಿದವರು ಅವರೇ. ಸರ್, ನೀವು ಹರಳು ಹಾಕೋದು ಯಾವಾಗ ಬಿಟ್ಟಿರಿ? ಯಾಕೆ ಬಿಟ್ಟಿರಿ?"

ನೆಂಟರಿಷ್ಟರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು, ಅವರಿಗೆ ಹರಳೂ ಒಂದೇ, ಬಿಸಿನೀರೂ ಒಂದೇ. ಆದರೆ ಮೂರನೆಯ ಸಾಲಿನಲ್ಲಿ ಒಬ್ಬರ ಕೈ ನಿಂತಿತು. ಆಮೇಲೆ ಪಕ್ಕದವರದು. ಹುಳದ ರಕ್ತ ತೆಗೆದು ಗೊತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕೈ ಕೆಳಗಿಳಿಸಿ, ಖಾಲಿಯಾಗಿದ್ದ ಪರದೆಯನ್ನೊಮ್ಮೆ ನೋಡಿ, ಮೇಷ್ಟ್ರ ಮುಖ ನೋಡತೊಡಗಿದರು. ಅವರನ್ನು ನೋಡಿ ಉಳಿದವರೂ ನಿಲ್ಲಿಸಿದರು.

ಹುಳದಕ್ಕ ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟಳು. ವೇದಿಕೆ ಇಳಿದು, ಮೊದಲ ಸಾಲಿನಲ್ಲಿ ಖಾಲಿಯಿದ್ದ ಅವರದೇ ಕುರ್ಚಿಯಲ್ಲಿ ಕೂತಳು. ಅವರ ಹೆಂಡತಿ ಅವಳ ಕಡೆ ಬಾಗಿ, "ಏನೇ ಅದು ಹರಳು? ಯಾಕೆ ಎಲ್ಲರೂ ಸುಮ್ಮನಾದರು?" ಎಂದು ಪಿಸುಗುಟ್ಟಿದರು.

"ಸರ್ ಹೇಳ್ತಾರಮ್ಮ," ಎಂದಳು ಹುಳದಕ್ಕ, "ಕೇಳೋಣ."